‘ತಾರಿ ದಾರಿ’ಯ ಕಡೇ ಪುಟಗಳು

ಕುಮಟೆಯ ಹರಿಹರ ಹೆಗಡೆಯವರು ಗಣಿತದ ಉಪನ್ಯಾಸಕರು. ಎಂಥ ಉದ್ದದ ಸಮೀಕರಣವನ್ನಾದರೂ ಬೋರ್ಡಿನ ಮೇಲೆ ಎಳೆದಾಡಿ ಕಡೆಗೆ ಸೊನ್ನೆಗೆ ತಂದು ನಿಲ್ಲಿಸುವ ಈ ಧೀರರಿಗೆ, ಎದುರು ಕುಳಿತ ಮನುಷ್ಯನಿಗೆ ‘ಇಲ್ಲ’ ಅನ್ನುವುದು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಭಾಷಣಕ್ಕೆ ಕರೆದರೆ ಹೂಂ. ಪರೀಕ್ಷೆಯ ಮೇಲ್ವಿಚಾರಣೆಗೆ ಬೇರೆಯವರ ಬದಲು ನಿಲ್ಲುತ್ತೀರಾ ಎಂದರೆ ಹೂಂ. ಹೊಟ್ಟೆ ಬಿರಿಯುವಂತೆ ಉಂಡ ಮೇಲೆ ಇನ್ನೊಂದು ಕಡುಬು ಹಾಕಲೇ ಎಂದರೂ ಹೂಂ. ಒಂದೇ ಸಂಜೆ ಎರಡು ಕಡೆ ಬರುತ್ತೇನೆಂದು ಒಪ್ಪಿಕೊಂಡು, ಎರಡೂ ಕಡೆ ಹೋಗಲಾರದೆ ಜ್ವರವೆಂದು ಮಲಗಿ, ಜ್ವರ ವಿಚಾರಿಸಲು ಬಂದ ಎರಡೂ ಕಡೆಯವರಿಗೆ ಒಟ್ಟಿಗೇ ಚಹಾ ಕೊಟ್ಟ ಕೀರ್ತಿ ಅವರದು.

ಇಂಥವರು ಪುಸ್ತಕ ಬರೆಯಲು ಹೊರಟರು.

ಭಟ್ಕಳದಿಂದ ಕುಮಟೆಯವರೆಗೆ ಸೇತುವೆಗಳಾಗುವ ಮೊದಲು ಜನರನ್ನು ಹೊಳೆ ದಾಟಿಸುತ್ತಿದ್ದ ದೋಣಿಗಳಿಗೆ ನಮ್ಮ ಕಡೆ ತಾರಿ ಎನ್ನುತ್ತಾರಷ್ಟೆ. ಆ ತಾರಿಗಳ ಚರಿತ್ರೆ ಪುಸ್ತಕದ ವಿಷಯ. ‘ತಾರಿ ದಾರಿ’ ಎಂಬ ಹೆಸರು ಹೊಳೆದ ದಿನ ಹೆಗಡೆಯವರು ಒಬ್ಬರೇ ಕೂತು ನಕ್ಕರು. ಹೆಂಡತಿ ಶ್ರೀಗೌರಿಯನ್ನು ಅಡುಗೆಮನೆಯಿಂದ ಕರೆದು ಹೇಳಿದರು. ಅವಳು ನಗಲಿಲ್ಲ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದರು.

ಪುಸ್ತಕ ಬರೆಯುವುದರಲ್ಲಿ ದೊಡ್ಡಸ್ತಿಕೆಯೇನೂ ಇಲ್ಲ. ಈಗ ಕೈಯಲ್ಲಿ ಮೊಬೈಲಿದ್ದವರೆಲ್ಲ ಬರೆಯುತ್ತಾರೆ. ಹೆಗಡೆಯವರ ದೊಡ್ಡಸ್ತಿಕೆ ಬೇರೆ ಕಡೆ ಇತ್ತು. ಊರೆಲ್ಲ ವರ್ಡಿನಲ್ಲಿ ಟೈಪು ಮಾಡಿದರೆ ಅವರು ಲೇಟೆಕ್ಕಿನಲ್ಲಿ ಮಾಡುತ್ತಿದ್ದರು. ಅದು ಗಣಿತದವರು ಅಕ್ಷರ ಜೋಡಿಸುವ ವ್ಯವಸ್ಥೆ. ಪುಟ ಹೇಗೆ ಬರಬೇಕೆಂದು ಮಂತ್ರದ ಹಾಗೆ ಆಜ್ಞೆಗಳನ್ನು ಬರೆದು, ಒಂದು ಕೀಲಿ ಒತ್ತಿ, ಕಣ್ಣುಮುಚ್ಚಿ ಕೂತುಕೊಳ್ಳಬೇಕು. ಕಣ್ಣು ತೆರೆದಾಗ ಪುಟ ಬಂದಿರುತ್ತದೆ, ಅಥವಾ ಬೈಗುಳ ಬಂದಿರುತ್ತದೆ.

“ವರ್ಡು ಏನಿದ್ದರೂ ರಜಾ ಅರ್ಜಿಗೆ. ಗ್ರಂಥಕ್ಕೆ ಲೇಟೆಕ್ಕೇ ಆಗಬೇಕು,” ಎನ್ನುತ್ತಿದ್ದರು ಹೆಗಡೆಯವರು.

“ರಬ್ಬರ್ ಹಾಲಿಂದ ಮಾಡೂದಾ ಮಾಸ್ತರೆ ಅದು?” ಎಂದು ಕೇಳಿದ್ದ ಪಕ್ಕದ ಮನೆಯ ಮಾದೇವ. ಅವನ ಅಪ್ಪ, ಅಜ್ಜ ಇಬ್ಬರೂ ತಾರಿ ನಡೆಸಿದವರು. ಅವನು ಈಗ ರಿಕ್ಷಾ ನಡೆಸುತ್ತಾನೆ. ಪುಸ್ತಕದ ಮುಕ್ಕಾಲು ಪಾಲು ಅವನ ಬಾಯಿಂದಲೇ ಬಂದದ್ದು.

“ಲೇಟು ಅಂಬುದು ಮಾತ್ರ ಖರೆ,” ಎಂದಿದ್ದಳು ಶ್ರೀಗೌರಿ. ಪುಸ್ತಕ ಶುರುವಾದಾಗ ಹೈಸ್ಕೂಲಿನಲ್ಲಿದ್ದ ಮಗಳು ಆಗಲೇ ಡಿಗ್ರಿ ಮುಗಿಸಿದ್ದಳು.

ಈ ಲೇಟೆಕ್ಕಿನಲ್ಲಿ ಆಧಾರಗ್ರಂಥಗಳಿಗೆ ಬೇರೆಯೇ ಒಂದು ಫೈಲು. ಒಂದೊಂದು ಪುಸ್ತಕಕ್ಕೆ ಒಂದೊಂದು ಚೌಕ ಕಟ್ಟಿ, ಬರೆದವರು ಯಾರು, ಹೆಸರೇನು, ಯಾವ ಊರು, ಯಾವ ವರ್ಷ ಎಂದು ತುಂಬಬೇಕು. ತಳದಲ್ಲಿ ‘ನೋಟ್’ ಎಂದು ಒಂದು ಸಾಲು. ನೀವು ಬರೆಯುವಾಗ ಯಾವ ಪುಸ್ತಕವನ್ನು ಉಲ್ಲೇಖಿಸುತ್ತೀರೋ ಅಷ್ಟನ್ನೇ ಅದು ಹೆಕ್ಕಿಕೊಂಡು ಕಡೇ ಪುಟದ ಗ್ರಂಥಋಣದಲ್ಲಿ ಅಚ್ಚು ಮಾಡುತ್ತದೆ. ಉಲ್ಲೇಖವಾಗದವು ಫೈಲಿನೊಳಗೇ ಉಳಿಯುತ್ತವೆ, ಮದುವೆಮನೆಯಲ್ಲಿ ಯಾರೂ ಊಟಕ್ಕೆ ಎಬ್ಬಿಸದ ನೆಂಟರ ಹಾಗೆ.

ಇದು ತಿಳಿದ ದಿನ ಹೆಗಡೆಯವರಿಗೆ ತಮ್ಮ ಬಾಳಿನ ಅತಿ ದೊಡ್ಡ ತೊಡಕು ಬಿಡಿಸಿಹೋದ ಹಾಗಾಯಿತು.

ಯಾಕೆಂದರೆ ನಮ್ಮ ಕಡೆ ಅಚ್ಚಾಗುವ ಯಾವ ಕಾಗದವಾದರೂ ಒಳಗೊಳಗೆ ಮದುವೆಯ ಕರೆಯೋಲೆಯೇ. ಕರೆಯೋಲೆ ಕೈಗೆ ಬಂದರೆ ವಧು ಯಾರು, ವರ ಯಾರು, ಮುಹೂರ್ತ ಯಾವಾಗ ಎಂದು ನೋಡುವವರಿಲ್ಲ. ಮೊದಲು ನೋಡುವುದು ಕೆಳಗಡೆ ಸಣ್ಣ ಅಕ್ಷರದಲ್ಲಿ ‘ಆಗಮನಾಭಿಲಾಷಿಗಳು’ ಎಂದಿರುವಲ್ಲಿ ತಮ್ಮ ಹೆಸರಿದೆಯೋ ಎಂದು. ಇಲ್ಲದಿದ್ದರೆ ಎರಡು ತಲೆಮಾರು ಮಾತಿಲ್ಲ. ಹೆಗಡೆಯವರದೊಂದು ಪುಸ್ತಕ ಅಚ್ಚಾಗಲಿದೆ ಎಂದು ಗೊತ್ತಾದದ್ದೇ ತಡ, ಅದರಲ್ಲಿ ತಮ್ಮ ಹೆಸರೂ ಇರಬೇಕೆಂದು ಜನ ಮನೆಗೆ ಬರತೊಡಗಿದರು.

ಮೊದಲು ಬಂದವರು ಪ್ರಾಥಮಿಕ ಶಾಲೆಯ ರೇಖಾ ಟೀಚರು. ಅವರ ಕವನ ಸಂಕಲನ ‘ಉಪ್ಪುನೀರಿನ ಉಸಿರು’.

“ಸರ್, ನಿಮ್ಮದು ಹೊಳೆ, ನನ್ನದು ಕಡಲು. ಹೊಳೆ ಕಡಲಿಗೆ ಬಂದೇ ಬರಬೇಕಲ್ಲ?”

“ಹೂಂ,” ಎಂದರು ಹೆಗಡೆಯವರು. ಅವರ ಎದುರಿಗೇ ಫೈಲು ತೆರೆದು, ಚೌಕ ಕಟ್ಟಿ, ಹೆಸರು ಕುಟ್ಟಿದರು. ಟೀಚರು ಪರದೆಯ ಮೇಲೆ ತಮ್ಮ ಹೆಸರು ನೋಡಿ ಕಣ್ಣು ತುಂಬಿಕೊಂಡು ಹೋದರು. ಅವರು ಗೇಟು ದಾಟಿದ ಮೇಲೆ ಹೆಗಡೆಯವರು ‘ನೋಟ್’ ಎಂಬಲ್ಲಿ ನಿಜ ಬರೆದಿಟ್ಟರು. ನೋಟ್ ಎಂದರೆ ತಾನು ತನಗಾಗಿ ಬರೆದುಕೊಳ್ಳುವುದು ಎಂಬುದು ಅವರ ಲೆಕ್ಕ. ಮುಂದೆ ಎಂದಾದರೂ ಟೀಚರು ಎದುರಾಗಿ ಪುಸ್ತಕ ಹೇಗಿತ್ತು ಎಂದು ಕೇಳಿದರೆ ಏನು ಹೇಳಬೇಕು ಎಂಬುದನ್ನೂ ಅಲ್ಲೇ ಬರೆದರು.

ಆಮೇಲೆ ಮಂಕಿಯಿಂದ ಶ್ರೀಗೌರಿಯ ಚಿಕ್ಕಮ್ಮ ಉಮಾ ಬಂದರು, ಒಂದು ಕಟ್ಟು ಹಪ್ಪಳದೊಂದಿಗೆ. ಮಹಿಳಾ ಮಂಡಳದವರು ಅಚ್ಚು ಹಾಕಿಸಿದ ಅವರ ಅಡುಗೆ ಪುಸ್ತಕ ‘ಹಲಸಿನ ಹಲವು ಮುಖ’.

“ತಾರಿಗೂ ಹಲಸಿಗೂ ಎಂತ ಸಂಬಂಧ ಚಿಕ್ಕಿ?” ಎಂದು ಶ್ರೀಗೌರಿಯೇ ಕೇಳಿದಳು.

“ಎಂತ ಸಂಬಂಧ ಅಂದ್ರೆ? ಯನ್ನ ಮದುವೆ ವರ್ಷ ಆನು ತಾರಿಲಿ ಹಲಸಿನಹಣ್ಣು ಹಿಡ್ಕಂಡು ಹೊಳೆ ದಾಟಿದ್ದಿ! ಅರ್ಧ ದೋಣಿ ಜನ ವಾಸ್ನೆಗೇ ಇಳಿದು ಹೋಗಿದ್ದ. ಹರಿಹರಾ, ಬರ್ಕ.”

“ಹೂಂ ಚಿಕ್ಕಿ.” ಟಪಟಪ.

ಕಡೆಗೆ, ಬರಲೇಬೇಕಾದವರು ಬಂದರು. ಶಿರಾಲಿಯ ದಿನಕರ ಭಟ್ಟರು, ಹೆಗಡೆಯವರ ಮಾವ, ನಿವೃತ್ತ ಹೆಡ್‌ಮಾಸ್ತರರು. ಸೀಮೆಯ ಹಳ್ಳಹೊಳೆಗಳ ಮೇಲಿನ ಕಾಲುಸಂಕಗಳನ್ನೆಲ್ಲ ನಡೆದು ನೋಡಿ ಅವರು ಬರೆದ ‘ಸಂಕ ಸಂಕಥನ’ ಪ್ರಕಟವಾಗಿ ಕೆಲವು ವರ್ಷವಾಗಿತ್ತು. ಅದರ ದಪ್ಪ ನೋಡಿದರೆ ಅದನ್ನೇ ಯಾವುದಾದರೂ ಹಳ್ಳಕ್ಕೆ ಹಾಕಿ ದಾಟಬಹುದಿತ್ತು.

“ತಾರಿ ಎಲ್ಲಿ ಮುಗೀತೋ ಅಲ್ಲಿ ಸಂಕ ಶುರು, ಅಲ್ದನ?” ಎಂದರು ಭಟ್ಟರು. “ಯನ್ನ ಪುಸ್ತಕ ಇಲ್ದೇ ನಿನ್ನ ಪುಸ್ತಕ ಹ್ಯಾಂಗೆ ನಿಲ್ತು? ನೀ ಹೆಂಗೂ ಪೂರ್ತಿ ಓದಿದ ಮನುಷ್ಯ. ಊರಲ್ಲಿ ಯನ್ನ ಪುಸ್ತಕ ಪೂರ್ತಿ ಓದಿದವ ನೀ ಒಬ್ಬನೇಯ ಹೇಳಿ ಆನು ಎಲ್ಲರ ಹತ್ರಾನೂ ಹೇಳ್ತಿರ್ತಿ.”

“ಹೂಂ ಮಾವ,” ಎಂದು ಹೆಗಡೆಯವರು ಕಂಪ್ಯೂಟರಿನ ಕಡೆ ತಿರುಗಿದರು, ಮಾವನಿಗೆ ಪರದೆ ಕಾಣಿಸಲಿ, ಪರದೆಯ ಕೆಳಗಿದ್ದದ್ದು ಕಾಣಿಸದಿರಲಿ ಎಂಬಂತೆ ಅಡ್ಡ ಕೂತು.

ಹೀಗೆ ಎಲ್ಲರ ಹೆಸರೂ ಸೇರಿತು, ಯಾರ ಹೆಸರೂ ಅಚ್ಚಾಗುವಂತಿರಲಿಲ್ಲ. ಸುಳ್ಳೂ ಹೇಳಿದ ಹಾಗಾಗಲಿಲ್ಲ, ಪುಸ್ತಕವೂ ಕೆಡಲಿಲ್ಲ. ಮನುಷ್ಯನ ದಾಕ್ಷಿಣ್ಯಕ್ಕೆ ಇಷ್ಟು ಅನುಕೂಲವಾಗಿ ಒದಗಿಬಂದ ಯಂತ್ರವನ್ನು ಹೆಗಡೆಯವರು ಬೇರೆ ಕಂಡಿರಲಿಲ್ಲ.

ಪುಸ್ತಕ ಭಟ್ಕಳದ ಪ್ರೆಸ್ಸಿಗೆ ಹೋಗಬೇಕಾದ ದಿನ. ಸ್ಟಾಫ್ ರೂಮಿನಲ್ಲಿ ಭೌತಶಾಸ್ತ್ರದ ಸುಹಾಸ, ವಯಸ್ಸಿನಲ್ಲಿ ಚಿಕ್ಕವನು, ಲ್ಯಾಪ್‌ಟಾಪಿಗೆ ಕತ್ತು ಚಾಚಿ ಕಡೇ ಪುಟಕ್ಕೇ ಹೋದ.

“ಎಂತ ಸರ್, ಗ್ರಂಥಋಣ ಅರ್ಧ ಪುಟವಾ? ಇಷ್ಟು ವರ್ಷ ಕೆಲಸ ಮಾಡಿ ಅರ್ಧ ಪುಟದ ಋಣ? ನೋಡಿದವ್ರು ಎಲ್ಲಾ ಮನೆಯಲ್ಲೇ ಕೂತು ಬರೆದದ್ದು ಅಂತಾರೆ.”

ಹೆಗಡೆಯವರ ಮುಖ ಬಾಡಿತು. “ಫೈಲಿನಲ್ಲಿ ಬೇಕಾದಷ್ಟಿದೆ ಮಾರಾಯ. ಉಲ್ಲೇಖ ಮಾಡಿಲ್ಲ ಅಷ್ಟೇ.”

“ಅದಕ್ಕೆಂತ ತಲೆಬಿಸಿ? ನೋಸೈಟ್ ಅಂತ ಬರೆದು ಫ್ಲವರ್ ಬ್ರ್ಯಾಕೆಟ್ಟಿನೊಳಗೆ ಒಂದು ನಕ್ಷತ್ರ ಹಾಕಿ. ಉಲ್ಲೇಖ ಆಗಲಿ ಬಿಡಲಿ, ಫೈಲಿನಲ್ಲಿದ್ದದ್ದೆಲ್ಲ ಹೊರಗೆ ಬರ್ತದೆ.”

ನೋ ಸೈಟ್! ಸೈಟಿಲ್ಲದವರಿಗೆಲ್ಲ ಒಂದೇ ಸಾಲಿನಲ್ಲಿ ಮನೆ! ಹೆಗಡೆಯವರಿಗೆ ರೋಮಾಂಚನವಾಯಿತು. ಪುಸ್ತಕಕ್ಕೆ ತೂಕ ಬರುವುದು ಒಂದು ಕಡೆ. ಇಷ್ಟು ದಿನ ‘ಸೇರಿಸಿದ್ದೇನೆ’ ಎಂದದ್ದೆಲ್ಲ ನಿಜವೇ ಆಗಿಬಿಡುವುದು ಇನ್ನೊಂದು ಕಡೆ. ಮನಸ್ಸಿನ ಮೂಲೆಯಲ್ಲಿ ಚುಚ್ಚುತ್ತಿದ್ದ ಸಣ್ಣ ಮುಳ್ಳೂ ಉದುರಿತು. ನಕ್ಷತ್ರ ಹಾಕಿದರು. ಕೀಲಿ ಒತ್ತಿದರು. ಅರ್ಧ ಪುಟವಿದ್ದದ್ದು ಉಬ್ಬಿ ಪುಟದ ಮೇಲೆ ಪುಟವಾಯಿತು. ಅವರು ನೋಡಿದ್ದು ಆ ಪುಟಸಂಖ್ಯೆಯನ್ನು ಮಾತ್ರ. ಗ್ರಂಥಋಣವನ್ನು ಯಾರೂ ಓದುವುದಿಲ್ಲ ಎಂಬುದು ಅವರ ದೃಢವಾದ ನಂಬಿಕೆ. ಸುಹಾಸ ಈಗಷ್ಟೇ ಮೊದಲು ಅದನ್ನೇ ಓದಿದ್ದು ಅವರ ತಲೆಗೆ ಹೋಗಲಿಲ್ಲ.

ಮೂರು ದಿನ ಬಿಟ್ಟು ಭಟ್ಕಳದಿಂದ ಪ್ರೆಸ್ಸಿನ ಸಾಹೇಬರ ಫೋನು.

“ಸಾರ್, ಕಡೇ ಪೇಜ್ ಒಂದ್ಸಲ ನೋಡಿದ್ರಾ?”

“ಹೂಂ, ನೋಡಿದ್ದೇನೆ.”

“ಹಂಗೇ ಛಾಪಿಸ್ಲಾ?”

“ಹಾಗೇ ಹಾಕಿ. ಒಂದಕ್ಷರ ಬದಲಿಸಬೇಡಿ. ಅದು ಲೇಟೆಕ್.”

“ಸಾರ್… ಇದರಲ್ಲಿ ದಿನಕರ ಭಟ್ಟರು ಅಂತ ಇದೆಯಲ್ಲ, ಶಿರಾಲಿಯೋರು, ಅವರು ಈಗ ಇದ್ದಾರಾ?”

“ಇದ್ದಾರೆ! ನನ್ನ ಮಾವನವರೇ. ಬಿಡುಗಡೆಯ ದಿನ ಅವರೇ ಅಧ್ಯಕ್ಷರು.”

“ಯಾ ಅಲ್ಲಾ,” ಎಂದರು ಸಾಹೇಬರು ಮೆಲ್ಲಗೆ. “ನಿಮ್ಮದು ಬಹಳ ದೊಡ್ಡ ಧೈರ್ಯ ಸಾರ್.”

ಹೆಗಡೆಯವರು ಇದನ್ನು ಸಂಶೋಧನೆಗೆ ಸಿಕ್ಕ ಮೊದಲ ಮೆಚ್ಚುಗೆಯೆಂದು ತಿಳಿದು ಶ್ರೀಗೌರಿಗೂ ಹೇಳಿದರು.

ಬಿಡುಗಡೆ ಹೊನ್ನಾವರದಲ್ಲಿ. ಕುಮಟೆಯವರಿಗೂ ಶಿರಾಲಿಯವರಿಗೂ ನಡುವೆ, ಇಬ್ಬರಿಗೂ ಬಸ್ಸು ಸುಲಭ. ಸಭಾಭವನ ತುಂಬಿತ್ತು; ಹೆಸರಿರುವ ಸಭೆಗೆ ಬರದವರು ಯಾರು? ನಿರೂಪಣೆ ರೇಖಾ ಟೀಚರದು. ಮುಂದಿನ ಸಾಲಿನಲ್ಲಿ ಉಮಾ ಚಿಕ್ಕಮ್ಮ, ಜರಿಸೀರೆ. ಅವರ ಹಿಂದೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮಾದೇವ. ವೇದಿಕೆಯ ನಡುವೆ ಶಾಲು ಹೊದ್ದ ದಿನಕರ ಭಟ್ಟರು, ಪಕ್ಕದಲ್ಲಿ ಮದುಮಗನ ಹಾಗೆ ಹೆಗಡೆಯವರು.

ಭಟ್ಟರು ಬಣ್ಣದ ಕಾಗದ ಬಿಚ್ಚಿ ಪುಸ್ತಕ ಎತ್ತಿ ಹಿಡಿದರು. ಚಪ್ಪಾಳೆ. ಸಭೆಗೆಲ್ಲ ಪ್ರತಿಗಳನ್ನು ಹಂಚಲಾಯಿತು. ಹೆಗಡೆಯವರು ಎದೆಯುಬ್ಬಿಸಿ ನೋಡುತ್ತಾರೆ: ಇಡೀ ಸಭೆ, ಒಬ್ಬರೂ ಬಿಡದೆ, ಪುಸ್ತಕವನ್ನು ಹಿಂದಿನಿಂದ ತೆರೆಯಿತು.

ಸಾಲು ಸಾಲಾಗಿ ಬೆರಳುಗಳು ಪುಟದ ಮೇಲೆ ಕೆಳಗಿಳಿಯುತ್ತಿದ್ದವು. ಹೆಸರು ಸಿಕ್ಕಲ್ಲಿ ಬೆರಳು ನಿಲ್ಲುವುದು, ಮುಖ ಅರಳುವುದು, ಪಕ್ಕದವರಿಗೆ ತೋರಿಸುವುದು. ಪಕ್ಕದವರು ಅದರ ಕೆಳಗಿನ ಸಾಲು ಓದುವುದು. ಆಮೇಲೆ ಅರಳಿದ ಮುಖ ಅಲ್ಲೇ ಮುದುಡುವುದು. ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ, ಫ್ಯಾನಿನ ಗಾಳಿ ತಿರುಗಿದ ಹಾಗೆ, ಮುಖಗಳು ಅರಳಿ ಮುದುಡಿ ಅರಳಿ ಮುದುಡಿ ಹೋದವು. ವಿಷಯ ಗಹನವಾಗಿರುವುದರಿಂದ ಜನ ಗಂಭೀರರಾಗಿದ್ದಾರೆ ಎಂದುಕೊಂಡರು ಹೆಗಡೆಯವರು.

ಮೈಕಿನ ಮುಂದೆ ನಿಂತೇ ಪುಟ ತಿರುವುತ್ತಿದ್ದ ರೇಖಾ ಟೀಚರ ದನಿ ಒಮ್ಮೆಲೇ ಬತ್ತಿತು. “ಈಗ… ಅಧ್ಯಕ್ಷರು… ಮಾತಾಡ್ತಾರೆ,” ಎಂದು ಮೈಕನ್ನು ಹಾಗೇ ಬಿಟ್ಟು, ಕೆಳಗಿಳಿದು ಕುರ್ಚಿಯ ಮೇಲೆ ಕೂತರು.

ಭಟ್ಟರು ಎದ್ದರು. ವೇದಿಕೆಯ ಕನ್ನಡದಲ್ಲಿ ಶುರುಮಾಡಿದರು. “ಸಭಿಕರೇ, ನಮ್ಮ ಅಳಿಯಂದಿರು ಒಂದು ಹೊಸ ಕ್ರಮವನ್ನು ತಂದಿದ್ದಾರೆ. ಆಧಾರಗ್ರಂಥಗಳ ಹೆಸರು ಕೊಟ್ಟು ಸುಮ್ಮನಾಗಿಲ್ಲ. ಒಂದೊಂದರ ಕೆಳಗೂ ಒಂದು ಟಿಪ್ಪಣಿಯನ್ನು ಬರೆದಿದ್ದಾರೆ. ಈ ಬಡವನ ಕೃತಿಯೂ ಅದರಲ್ಲಿದೆ ಎಂಬುದು ನನ್ನ ಭಾಗ್ಯ. ಅದನ್ನು ಓದಿಬಿಡುತ್ತೇನೆ.” ಕನ್ನಡಕ ಏರಿಸಿದರು. “ಭಟ್ಟ, ದಿನಕರ. ‘ಸಂಕ ಸಂಕಥನ’. ಶಿರಾಲಿ. ಹೌದು. ‘ಓದಿಲ್ಲ.’”

ಹೆಗಡೆಯವರು ಮೈಕಿನ ಕಡೆ ಕೈ ಚಾಚಿ ಹಿಂದೆಳೆದುಕೊಂಡರು.

“ಇಲ್ಲಿ ಅಚ್ಚಿನ ದೋಷವಾಗಿದೆ,” ಎಂದರು ಭಟ್ಟರು ಉದಾರವಾಗಿ. “‘ಓದಿದೆ’ ಎಂದಾಗಬೇಕು. ಇರಲಿ. ‘ಓದುವ ಸಂಭವವೂ ಇಲ್ಲ.’”

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಭಟ್ಟರು ಹೆಡ್‌ಮಾಸ್ತರರಾಗಿದ್ದವರು. ಗಟ್ಟಿಯಾಗಿ ಓದಲು ಹಿಡಿದ ಪಾಠವನ್ನು ಅರ್ಧಕ್ಕೆ ಬಿಟ್ಟು ಗೊತ್ತಿದ್ದವರಲ್ಲ. ದನಿ ಸಣ್ಣದಾಗುತ್ತ ಹೋಯಿತು, ಓದು ನಿಲ್ಲಲಿಲ್ಲ.

“‘ದಪ್ಪ ಸರಿಯಾಗಿದೆ. ಕೆಳಗಿಟ್ಟರೆ ಕಂಪ್ಯೂಟರಿನ ಪರದೆ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಮಾವ ಕೇಳಿದರೆ, ಮೂರನೇ ಅಧ್ಯಾಯ ಬಹಳ ಚೆನ್ನಾಗಿದೆ ಎನ್ನುವುದು.’”

ಪೂರ್ಣವಿರಾಮ ಬಂತು. ಭಟ್ಟರು ನಿಂತರು.

ಕೆಳಗಿನಿಂದ ರೇಖಾ ಟೀಚರ ದನಿ ಸ್ಪಷ್ಟವಾಗಿ ಕೇಳಿಸಿತು. “ನನಗೂ ಮೂರನೇ ಕವಿತೆ ಅಂದಿದ್ರು! ‘ಎಲ್ಲ ಪದ್ಯದಲ್ಲೂ ಕಡಲು ಅಳುತ್ತದೆ, ಮೊದಲೇ ಉಪ್ಪು’ ಅಂತ ಇಲ್ಲಿ ಬರ್ದಿದ್ದಾರೆ.”

“ಯಂಗೆ ಮೂರನೇ ಅಡಿಗೆ!” ಎಂದರು ಉಮಾ ಚಿಕ್ಕಮ್ಮ ಎದ್ದುನಿಂತು. “ಮಾಡಿ ನೋಡ್ದ್ಯ, ರಾಶಿ ಚೊಲೊ ಆತು ಹೇಳಿದ್ದ ಯಂಗೆ! ಮೂರನೇದು ಅಡಿಗೆ ಅಲ್ದೇ ಅಲ್ಲ, ಹಲಸಿನ ಮೇಣ ಕೈಯಿಂದ ತೆಗಿಯ ಕ್ರಮ ಅದು!”

ಭಟ್ಟರು ಕನ್ನಡಕ ತೆಗೆದು ಪೆಟ್ಟಿಗೆಯಲ್ಲಿಟ್ಟರು. ವೇದಿಕೆಯ ಕನ್ನಡ ಅವರನ್ನು ಬಿಟ್ಟು ಹೋಗಿತ್ತು. “ಊಟ ತಯಾರಾಯ್ದಡ,” ಎಂದರು ಮೈಕಿನಲ್ಲಿ. “ಎಲ್ಲರೂ ಏಳಿ.”

ಅಳಿಯನ ಕಡೆ ತಿರುಗಿ ನೋಡಲಿಲ್ಲ. ಹೆಗಡೆಯವರು ಆಗ ತಮ್ಮದೇ ಪುಸ್ತಕವನ್ನು, ಮೊದಲ ಸಲ, ಹಿಂದಿನಿಂದ ತೆರೆದು ನೋಡಿದರು. ತಾವು ತಮಗಾಗಿ ಬರೆದುಕೊಂಡದ್ದೆಲ್ಲ ಒಂದಕ್ಷರ ಬಿಡದೆ, ಅಂಚು ಕೂಡ ಸಮವಾಗಿ, ಬಹಳ ಅಂದವಾಗಿ ಅಚ್ಚಾಗಿತ್ತು. ಅಕ್ಷರ ಜೋಡಣೆಯಲ್ಲಿ ಲೇಟೆಕ್ಕನ್ನು ಮೀರಿಸುವುದು ಬೇರೆ ಇಲ್ಲ.

ಊಟದ ಹೊತ್ತಿಗೆ ಓಡಿಹೋಗಲು ದಾರಿಯಿರಲಿಲ್ಲ. ಬಡಿಸುವವರ ಗುಂಪಿನಲ್ಲಿ ಅಡಗಬಹುದೆಂದು ಹೆಗಡೆಯವರು ಪಾಯಸದ ಬಕೆಟು ಹಿಡಿದರು. ಅದು ಇನ್ನೂ ತಪ್ಪಾಯಿತು. ಪ್ರತಿಯೊಬ್ಬರ ಮುಂದೆಯೂ ಬಗ್ಗಲೇಬೇಕಾಯಿತು.

“‘ಸಂಬಂಧವಿಲ್ಲ. ಹಪ್ಪಳ ತಂದಿದ್ದರು, ಆದ್ದರಿಂದ,’” ಎಂದು ಉಮಾ ಚಿಕ್ಕಮ್ಮ ಬಾಳೆಲೆ ನೋಡುತ್ತಲೇ ಕಂಠಪಾಠ ಒಪ್ಪಿಸಿದರು. “ಆತು ತಮಾ. ಬಪ್ಪ ವರ್ಷದಿಂದ ಹಪ್ಪಳವೂ ಇಲ್ಲೆ, ಸಂಬಂಧವೂ ಇಲ್ಲೆ. ಪಾಯ್ಸ ಬ್ಯಾಡ.”

ರೇಖಾ ಟೀಚರು ಎಲೆಯ ಮೇಲೆ ಕೈ ಅಡ್ಡ ಹಿಡಿದರು. “ಬೇಡ ಸರ್. ಮೊದಲೇ ಉಪ್ಪು.”

ಇವರೆಲ್ಲರನ್ನೂ ದಾಟಿ ಮಾದೇವನ ಎಲೆಗೆ ಬಂದಾಗ ಹೆಗಡೆಯವರಿಗೆ ಉಸಿರು ಬಂತು. ಅವನ ಬಗ್ಗೆ ಕೆಟ್ಟದ್ದು ಒಂದಕ್ಷರ ಬರೆದಿರಲಿಲ್ಲ. ಆದರೆ ಮಾದೇವನ ಮುಖವೇ ಎಲ್ಲರದಕ್ಕಿಂತ ಸಣ್ಣದಾಗಿತ್ತು.

“ನಾ ನಿಮ್ಗೆ ಎಂತ ಮಾಡಿದ್ದೆ ಮಾಸ್ತರೆ?”

“ನಿನಗೇನೂ ಬರೆದಿಲ್ಲವಲ್ಲೋ ಮಾದೇವ!”

“ಅದೇಯ! ಎಲ್ರಿಗೂ ಮೂರು ಮೂರು ಸಾಲು ಬರದೀರಿ. ನಂಗೆ ಬರೀ ಹೆಸ್ರು. ಮಾದೇವ ಅಂಬಿಗ, ಕುಮಟಾ, ಚುಕ್ಕಿ. ಮುಗೀತು. ನಾ ಅಷ್ಟೂ ಬ್ಯಾಡಾದ್ನಾ?”

“ಅಲ್ಲವೋ, ಪುಸ್ತಕದ ಒಳಗೆಲ್ಲ ನೀನೇ ಇದ್ದೀಯ. ಪುಟಪುಟದಲ್ಲೂ ನಿನ್ನ ಮಾತೇ.”

“ಒಳಗೆ ಯಾರು ನೋಡ್ತಾರ್ರಾ?” ಎಂದ ಮಾದೇವ.

ಹೆಗಡೆಯವರು ಬಕೆಟು ಇಟ್ಟು ಮಾವನನ್ನು ಹುಡುಕಿದರು. ವೇದಿಕೆಯ ಕುರ್ಚಿಯ ಮೇಲೆ ಮಡಿಸಿಟ್ಟ ಶಾಲು ಇತ್ತು, ಅದರ ಮೇಲೆ ಫಲತಾಂಬೂಲ. ಭಟ್ಟರು ಊಟಕ್ಕೆ ಕೂರದೆ ಭಟ್ಕಳದ ಬಸ್ಸು ಹತ್ತಿಯಾಗಿತ್ತು.

ಹೊನ್ನಾವರದಿಂದ ಕುಮಟೆಯವರೆಗೆ ಶ್ರೀಗೌರಿ ಕಿಟಕಿಯ ಆಚೆಗೇ ನೋಡಿದಳು. ಮನೆಗೆ ಬಂದು, ಸೀರೆ ಬದಲಿಸಿ, ಒಗ್ಗರಣೆ ಹಾಕಿದಳು. ಈ ನಡುವೆ ಸುಹಾಸನ ಫೋನು ಬಂತು.

“ಸರ್, ನೋಟ್ ಅಂದ್ರೆ ಓದುಗರಿಗೆ ಹಾಕುವ ಟಿಪ್ಪಣಿ, ಅದು ಅಚ್ಚಾಗ್ತದೆ ಅಂತ ನಿಮಗೆ ಗೊತ್ತಿರಲಿಲ್ವಾ? ನಮಗೆ ಅಂತ ಬರೆದುಕೊಳ್ಳೋದಾದ್ರೆ ಬೇರೆ ಹೆಸರಿನ ಸಾಲು ಹಾಕ್ಬೇಕು. ಅದು ಬೇಡ ಅಂದ್ರೆ ಡೈರಿ ಇದೆ. ಅದೂ ಬೇಡ ಅಂದ್ರೆ ಮನಸ್ಸಲ್ಲೇ ಇಟ್ಕೊಳ್ಬಹುದಿತ್ತು ಸರ್.”

ಹೆಗಡೆಯವರು ಹೂಂ ಎಂದು ಫೋನಿಟ್ಟರು. ಶ್ರೀಗೌರಿ ಬಾಗಿಲಲ್ಲಿ ನಿಂತಿದ್ದಳು.

“ನಿಂಗಕ್ಕೆ ಗೊತ್ತಿದ್ದ?” ಎಂದಳು. “ಅಪ್ಪಯ್ಯ ಮನೆಗೆ ಬಂದವ್ರಿಗೆಲ್ಲ ಆ ಮೂರನೇ ಅಧ್ಯಾಯ ಓದಿ ಹೇಳ್ತ. ಪೋಸ್ಟ್‌ಮ್ಯಾನ್ ಬಂದ್ರೆ ಅವಂಗೂವ. ‘ಯನ್ನ ಅಳಿಯ ಗಣಿತದವ, ಸುಮ್ಮನೆ ಹೊಗಳ ಪೈಕಿ ಅಲ್ಲ’ ಹೇಳಿ.”

“ನಾಳೆಯೇ ಹೋಗಿ ಕ್ಷಮೆ ಕೇಳ್ತಿ ಮಾರಾಯ್ತಿ.”

“ಎಂತ ಹೇಳಿ ಕೇಳ್ತ್ರಿ? ಮತ್ತೊಂದು ಹೂಂ ಹೇಳಿ ಬಪ್ಪಲಾ?” ಪರದೆಯ ಕೆಳಗಿನ ಪುಸ್ತಕಕ್ಕೆ ಬೆರಳು ತೋರಿಸಿದಳು. “ಹೋಪುದಾದ್ರೆ ಓದ್ಕಂಡು ಹೋಗಿ. ಇಲ್ದೇ ಇದ್ರೆ ಹೋಪದೇ ಬ್ಯಾಡ. ಅಪ್ಪಯ್ಯಂಗೆ ಇದ್ದಿದ್ದು ಒಬ್ಬನೇ ಓದುಗ.”

ಹೆಗಡೆಯವರು ಎದ್ದು, ಎರಡೂ ಕೈಯಿಂದ ಪರದೆಯನ್ನು ಎತ್ತಿ, ‘ಸಂಕ ಸಂಕಥನ’ವನ್ನು ಹೊರಗೆಳೆದರು. ಪರದೆ ಮೇಜಿನ ಮಟ್ಟಕ್ಕೆ ಇಳಿದು ಕೂತಿತು. ಪುಸ್ತಕದ ಹೊದಿಕೆಯ ಮೇಲೆ ಪರದೆಯ ನಾಲ್ಕು ಕಾಲಿನ ಅಚ್ಚು ಮೂಡಿತ್ತು. ಧೂಳು ಒರೆಸಿದರು. ಮುನ್ನುಡಿಯಿಂದ ಶುರುಮಾಡುವ ಧೈರ್ಯ ಬರಲಿಲ್ಲ. ಊರವರೆಲ್ಲ ಮಾಡುವ ಹಾಗೆ ಹಿಂದಿನಿಂದ ತೆರೆದರು.

ಅಲ್ಲೂ ಒಂದು ಗ್ರಂಥಋಣವಿತ್ತು. ಕಡೆಯಲ್ಲಿ ಬೇರೆಯಾಗಿ, ದಪ್ಪ ಅಕ್ಷರದಲ್ಲಿ ಹೀಗಿತ್ತು:

‘ಶ್ರೀ ಹರಿಹರ ಹೆಗಡೆ, ಗಣಿತ ಉಪನ್ಯಾಸಕರು, ಕುಮಟಾ. ನನ್ನ ಅಳಿಯಂದಿರು. ಹಸ್ತಪ್ರತಿಯನ್ನು ಆದ್ಯಂತ ಓದಿದ ಏಕೈಕ ವ್ಯಕ್ತಿ. ಮೂರನೇ ಅಧ್ಯಾಯ ಚೆನ್ನಾಗಿದೆ ಎಂಬ ಅವರ ಅಭಿಪ್ರಾಯವನ್ನು ಮನ್ನಿಸಿ, ಆ ಅಧ್ಯಾಯವನ್ನು ಇಮ್ಮಡಿ ವಿಸ್ತರಿಸಿದ್ದೇನೆ. ಈ ಗ್ರಂಥ ಇಷ್ಟು ದೊಡ್ಡದಾಗಿರುವುದಕ್ಕೆ ಅವರೇ ಕಾರಣರು.’

ಹೆಗಡೆಯವರು ಪುಸ್ತಕವನ್ನು ಮೊಣಕಾಲ ಮೇಲಿಟ್ಟುಕೊಂಡು ಅದನ್ನು ಇನ್ನೊಮ್ಮೆ ಓದಿದರು. ಮಾವನ ಪುಸ್ತಕದಲ್ಲಿ ಓದದೇ ಸೇರಿಕೊಂಡ ಆಧಾರ ಒಂದೇ ಒಂದಿತ್ತು, ಅದು ತಾವೇ. ಇಷ್ಟು ವರ್ಷ ದಿನವೂ ಅದರ ಮೇಲೆಯೇ ಪರದೆಯಿಟ್ಟುಕೊಂಡು, ಒಂದೇ ಒಂದು ಸಲ ಕಡೇ ಪುಟ ತಿರುವಿದ್ದರೂ ಕಾಣುತ್ತಿತ್ತು.

ಆಮೇಲೆ ಮೊದಲ ಪುಟಕ್ಕೆ ಹೋದರು. ಕಾಲೇಜಿನ ಬಿಡುವಿನಲ್ಲಿ ಓದಿದರು, ಹಿತ್ತಿಲಲ್ಲಿ ಅಡ್ಡಾಡುತ್ತ ಓದಿದರು. ಶ್ರೀಗೌರಿ ಕೇಳದೇ ಚಹಾ ತಂದಿಟ್ಟು ಹೋಗುತ್ತಿದ್ದಳು.

ಓದಿ ಮುಗಿಸಿದ ಭಾನುವಾರ ಹೆಗಡೆಯವರು ಶಿರಾಲಿಯಲ್ಲಿ ಬಸ್ಸಿಳಿದರು. ಭಟ್ಟರು ಜಗಲಿಯಲ್ಲಿ ಪೇಪರು ಬಿಡಿಸಿ ಕೂತಿದ್ದರು. ಅಳಿಯನನ್ನು ಕಂಡು ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿದರು.

“ಬಂದ್ಯ,” ಎಂದಿತು ಪೇಪರು.

ಹೆಗಡೆಯವರು ಎದುರಿನ ಬೆಂಚಿನ ತುದಿಯಲ್ಲಿ ಕೂತರು. ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದ ಕ್ಷಮೆಯ ಮಾತೆಲ್ಲ ಶಿರಾಲಿಯ ಸ್ಟಾಪಿನಲ್ಲೇ ಉಳಿದುಬಿಟ್ಟಿತ್ತು. “ಮಾವ,” ಎಂದರು. “ಆನು ಓದಿದ್ದಿ. ಖರೇ ಓದಿದ್ದಿ.”

ಪೇಪರು ಅಲುಗಲಿಲ್ಲ. “ಹೌದ. ಯಾವ ಅಧ್ಯಾಯ ಚೊಲೊ ಇದ್ದು?”

ಹಳೆಯ ಉತ್ತರ ನಾಲಗೆಯ ತುದಿಗೆ ತಾನಾಗಿಯೇ ಬಂದು ನಿಂತಿತು. ಹೆಗಡೆಯವರು ಅದನ್ನು ನುಂಗಿದರು.

“ಐದನೇದು ಚೊಲೊ ಇದ್ದು, ಮಾವ. ಮಳೆಗಾಲದಲ್ಲಿ ಸಂಕ ಕೊಚ್ಕಂಡು ಹೋದ ಮೇಲೆ ಶಾಲೆ ಮಕ್ಕಳು ಹ್ಯಾಂಗೆ ದಾಟ್ತಿದ್ದ ಹೇಳಿ ಬರದ್ರಲಿ, ಅದು. ಮೂರನೇದು… ಮೂರನೇದು ರಾಶಿ ಉದ್ದ ಆಯ್ದು. ಯಂಗೆ ನಿದ್ದೆ ಬಂತು.”

ಪೇಪರು ನಿಧಾನವಾಗಿ ಕೆಳಗಿಳಿಯಿತು. ಭಟ್ಟರ ಮುಖದಲ್ಲಿ ಏನಿದೆಯೆಂದು ನೋಡುವ ಧೈರ್ಯವಾಗದೆ ಹೆಗಡೆಯವರು ನೆಲ ನೋಡಿದರು.

“ಎಲ್ಲಿ ಬಂತು?”

“ಆಂ?”

“ನಿದ್ದೆ. ಎಲ್ಲಿ ಬಂತು? ಪುಟ ಹೇಳು.” ಭಟ್ಟರು ಎದ್ದು ಒಳಗೆ ಹೋಗಿ ತಮ್ಮ ಪ್ರತಿಯನ್ನೂ ಒಂದು ಪೆನ್ಸಿಲನ್ನೂ ತಂದು, ಬೆಂಚಿನ ಮೇಲೆ ಅಳಿಯನ ಪಕ್ಕದಲ್ಲೇ ಕೂತರು.

ಹೆಗಡೆಯವರು ಪುಟ ತಿರುವಿ ತೋರಿಸಿದರು. “ಕಲ್ಲುಸಂಕಕ್ಕೂ ಮರದ ಸಂಕಕ್ಕೂ ವ್ಯತ್ಯಾಸ ಹೇಳ್ತಾ ಹೇಳ್ತಾ, ಮತ್ತೊಂದ್ಸಲ ಕಲ್ಲುಸಂಕಕ್ಕೇ ಬತ್ರಲಿ, ಅಲ್ಲಿ.”

ಭಟ್ಟರು ಆ ಪುಟವನ್ನು ದಿಟ್ಟಿಸಿದರು. “ಹೌದು,” ಎಂದರು ಕಡೆಗೆ. “ಬರೆಯಕಾದ್ರೆ ಯಂಗೂ ಅಲ್ಲೇ ಬಂದಿತ್ತು.” ಪೆನ್ಸಿಲಿನಿಂದ ಮೇಲಿನಿಂದ ಕೆಳಗಿನವರೆಗೆ ಒಂದು ಗೆರೆ ಎಳೆದರು. “ಮತ್ತೆಲ್ಲಿ?”

“ಮಾವ…”

“ಒಳಗೆ ಅಡಿಗೆಮನೆಲಿ ಹೇಳಿಕ್ಕಿ ಬಾ, ನಿಂದು ಮಧ್ಯಾಹ್ನದ ಊಟವೂ ಇಲ್ಲೇ, ರಾತ್ರೆದೂ ಇಲ್ಲೇ ಹೇಳಿ,” ಎಂದರು ಭಟ್ಟರು, ಪೆನ್ಸಿಲಿನ ತುದಿ ನೋಡುತ್ತ. “ಪುಸ್ತಕ ದಪ್ಪ ಇದ್ದು.”